ಅವ್ವನ ಮನೆಗೆ ಯಾವ ಡಿಶ್‌ವಾಶರ್?



ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ. ಇದರಲ್ಲಿ ಯಾವ ಪ್ರತಿಭಟನೆಯ ಕರೆಯೂ ಇಲ್ಲ. ಪಾತ್ರೆ ತೊಳೆಯೋ ಮೆಷಿನ್ ಬಗ್ಗೆ ಬರೀತಿದ್ದೀನಿ. ನಗೋರು ಪೂರ್ತಿ ಓದಿ ಆಮೇಲೆ ನಗಿ.

ವಿಷಯ ಇಷ್ಟು. ನನ್ನ ಅಕ್ಕನ ಮಗಳು ಬೆಂಗಳೂರಲ್ಲಿ ಕಂಪನಿ ಕೆಲಸದಲ್ಲಿದ್ದಾಳೆ. ಈ ಸಲ ಬೋನಸ್ ಬಂತಂತೆ. "ಮಾಮ, ಅಜ್ಜಿಗೆ ಒಂದು ಡಿಶ್‌ವಾಶರ್ ಕೊಡಿಸ್ತೀನಿ. ಅಗ್ಗದ್ದು ಬೇಡ, ಒಳ್ಳೇ ಕಂಪನಿದೇ ಇರ್ಲಿ. ಯಾವುದು ಅಂತ ನೀವೇ ನೋಡಿ ಹೇಳಿ" ಅಂತ ವಾಟ್ಸಾಪಿಗೆ ನಾಲ್ಕು ಲಿಂಕ್ ಕಳಿಸಿದಳು. ಬಾಷ್, ಸೀಮೆನ್ಸ್, ಮೀಲೆ, ಮತ್ತೆ ನಮ್ಮ ದೇಶದ್ದೇ ಆದ ಐಎಫ್‌ಬಿ. ಆಫೀಸಲ್ಲಿ ಊಟದ ಹೊತ್ತಿಗೆ ಲಿಂಕ್ ತೆಗೆದು ರೇಟು ನೋಡಿದೆ. ಚಪಾತಿ ಗಂಟಲಲ್ಲೇ ನಿಂತಿತು. ನಾನು ಮೊದಲು ತಗೊಂಡ ಸೆಕೆಂಡ್ ಹ್ಯಾಂಡ್ ಬೈಕಿಗೂ ಅಷ್ಟು ಕೊಟ್ಟಿರಲಿಲ್ಲ.

ನಮ್ಮದು ಮಾರನಹಳ್ಳಿ. ಸಕಲೇಶಪುರ ದಾಟಿ, ದೋಣಿಗಾಲ್ ಕಳೆದು, ಶಿರಾಡಿ ಘಾಟ್ ಇಳಿಯೋ ಕಡೆ ಸಿಗೋ ಊರು. ಮಳೆಗಾಲದಲ್ಲಿ ಗುಡ್ಡ ಜರಿದು ಹೈವೇ ಬಂದ್ ಅಂತ ಟಿವಿಯಲ್ಲಿ ತೋರಿಸ್ತಾರಲ್ಲ, ಅದೇ ರಸ್ತೆ. ಇಲ್ಲಿಗೆ ಡಿಶ್‌ವಾಶರ್ ಅಂದ್ರೆ ಯಾರಿಗೇ ಆದ್ರೂ ನಗು ಬರುತ್ತೆ. ನಮ್ಮ ಸಂಘಟನೆಯ ಹುಡುಗನೊಬ್ಬ ಮೀಟಿಂಗ್ ಮುಗಿದ ಮೇಲೆ ಟೀ ಕುಡೀತಾ ಹೇಳೇಬಿಟ್ಟ. "ಏನಣ್ಣ, ಕಡೆಗೆ ನೀವೂ ಸಾವ್ಕಾರ್ರಾಗ್ಬಿಟ್ರಿ." ಅವನಿಗೆ ಆವತ್ತು ಸರಿಯಾಗಿ ಉತ್ತರ ಕೊಡೋಕಾಗಲಿಲ್ಲ. ಇದು ಅವನಿಗೆ ಉತ್ತರ ಅಂದ್ಕೊಳ್ಳಿ.

ಮೊದಲು ಅವ್ವನ ಕತೆ.

ನಾನು ಹುಟ್ಟಿದ್ದು ಕಾಫಿ ತೋಟದ ಲೈನ್ ಮನೆಯಲ್ಲಿ. ಅವ್ವ ಕೊಯ್ಲಿನ ಕಾಲಕ್ಕೆ ಹಣ್ಣು ಕೊಯ್ಯೋಕೆ ಹೋಗೋಳು, ಉಳಿದ ಕಾಲಕ್ಕೆ ಕಳೆ, ಗೊಬ್ಬರ, ಮತ್ತೆ ಬಂಗ್ಲೆ ಹಿಂದೆ ಮುಸುರೆ. ಹಿತ್ತಲಲ್ಲಿ ಒಂದು ಚಪ್ಪಡಿ ಕಲ್ಲಿತ್ತು. ಒಳಗಿನಿಂದ ಯಾರಾದ್ರೂ ಪಾತ್ರೆ ತಂದು ನೆಲದ ಮೇಲೆ ಇಡೋರು, ಕೈಗೆ ಕೊಡೋ ಹಾಗಿಲ್ಲ. ಅವ್ವ ಬೂದಿ, ತೆಂಗಿನ ನಾರು ಹಾಕಿ ತಿಕ್ಕಿ, ತೊಳೆದು, ಕಲ್ಲಿನ ಮೇಲೆ ಬೋರಲು ಹಾಕೋಳು. ಆಮೇಲೆ ಒಳಗಿನವರು ಒಂದು ಚೊಂಬು ನೀರು ತಂದು ಆ ತೊಳೆದ ಪಾತ್ರೆಗಳ ಮೇಲೆ ಸುರಿದು ಒಳಗೆ ತಗೊಂಡು ಹೋಗೋರು.

ಚಿಕ್ಕವನಿದ್ದಾಗ ನನಗೆ ಅದು ಅರ್ಥ ಆಗ್ತಿರಲಿಲ್ಲ. ಅವ್ವ ಸರಿಯಾಗಿ ತೊಳೆದಿಲ್ವೇನೋ, ಸೋಪು ಉಳಿದಿದೆಯೇನೋ ಅಂದ್ಕೋತಿದ್ದೆ. ಎಂಜಲು ಪಾತ್ರೆ ಮುಟ್ಟೋಕೆ ಅವ್ವನ ಕೈ ಆಗುತ್ತೆ, ಅದೇ ಕೈ ಅದೇ ಪಾತ್ರೇನ ಬೆಳಗಿ ಇಟ್ಟ ಮೇಲೆ ಅದಕ್ಕೆ ಮೈಲಿಗೆ. ಈ ಲೆಕ್ಕ ಅರ್ಥ ಆಗೋಕೆ ನಾನು ಬಾಬಾಸಾಹೇಬರನ್ನು ಓದಬೇಕಾಯ್ತು.

ಅವ್ವನಿಗೆ ಮೊದಮೊದಲು ಕಾಫಿ ಕೊಡ್ತಿದ್ದಿದ್ದು ತೆಂಗಿನ ಚಿಪ್ಪಲ್ಲಿ. ಆಮೇಲೆ ಕಾಲ ಸುಧಾರಿಸಿತು, ಒಂದು ಸ್ಟೀಲ್ ಲೋಟ ಬಂತು. ಅದರ ಜಾಗ ಹಿತ್ತಲ ಸೂರಿನ ಸಂದಿ. ಕುಡಿದ ಮೇಲೆ ಅವಳೇ ತೊಳೆದು ಅಲ್ಲೇ ಸಿಕ್ಕಿಸಬೇಕು. ಮನೆಯ ನಲವತ್ತು ಪಾತ್ರೆ ತೊಳೆಯೋಳ ಲೋಟ ಒಂದು ದಿನಾನೂ ಆ ನಲವತ್ತರ ಜೊತೆ ಒಳಗೆ ಹೋಗಲಿಲ್ಲ.

ನೀರು, ಲೋಟ, ತಟ್ಟೆ. ನಮ್ಮ ಚಳವಳಿ ಶುರುವಾಗಿದ್ದೇ ಇಲ್ಲಿಂದ. 1868ರಲ್ಲಿ ಜೋತಿಬಾ ಫುಲೆ ಪುಣೆಯಲ್ಲಿ ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರಿಗೆ ತೆರೆದರು. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ನೀರು ಕುಡಿದರು. ಎಪ್ಪತ್ತರ ದಶಕದಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ಮತ್ತು ಸಂಗಾತಿಗಳು ಕಟ್ಟಿದ ದಲಿತ ಸಂಘರ್ಷ ಸಮಿತಿ ಹಳ್ಳಿ ಹಳ್ಳಿ ಹೋಟೆಲುಗಳ ಎರಡು ಲೋಟದ ಪದ್ಧತಿಯನ್ನು ಪ್ರಶ್ನೆ ಮಾಡಿತು. ನಾನು ಈ ದಾರಿಗೆ ಬಂದಿದ್ದೂ ಲೋಟದಿಂದಲೇ.

ಈಗ ಮೆಷಿನ್ ವಿಷಯಕ್ಕೆ ಬರೋಣ.

ಒಂದು ಭಾನುವಾರ ಫೋನಲ್ಲಿ ಅವ್ವನಿಗೆ ವಿಡಿಯೋ ತೋರಿಸಿದೆ. ಪಾತ್ರೆ ಜೋಡಿಸೋದು, ಒಳಗೆ ರೆಕ್ಕೆ ತಿರುಗಿ ಬಿಸಿನೀರು ಚಿಮ್ಮೋದು, ಬಾಗಿಲು ತೆಗೆದರೆ ಹೊಗೆಯಾಡೋ ತಟ್ಟೆಗಳು. ಅವ್ವ ಕೊನೇವರೆಗೂ ನೋಡಿ ಒಂದೇ ಪ್ರಶ್ನೆ ಕೇಳಿದಳು.

"ಅದು ತೊಳ್ದ್ ಮ್ಯಾಲೆ ಮತ್ತ್ಯಾರು ಮಗ ನೀರ್ ಹಾಕೋದು?"

ನಾನು "ಯಾರೂ ಹಾಕಲ್ಲ ಅವ್ವ, ಅಷ್ಟೇ" ಅಂದೆ.

"ಹಂಗಾರೆ ಅದರ್ದು ಒಳ್ಳೇ ಜಾತಿ ಇರ್ಬೇಕು" ಅಂತ ನಕ್ಕು ಎದ್ದು ಹೋದಳು.

ಆ ಮಾತು ನನ್ನ ತಲೆಯಲ್ಲೇ ಉಳೀತು. ಆಮೇಲೆ ಈ ಮೆಷಿನ್ನಿನ ಹಿಂದೆ ಬಿದ್ದು ಓದಿದೆ. ಇದನ್ನ ಬಳಸೋಕೆ ಬರೋ ಹಾಗೆ ಮಾಡಿದ್ದು ಅಮೆರಿಕದ ಇಲಿನಾಯ್ ರಾಜ್ಯದ ಜೋಸೆಫೀನ್ ಕಾಕ್ರೇನ್ ಅನ್ನೋ ಹೆಂಗಸು. ಶ್ರೀಮಂತರ ಮನೆ. ಹಳೇ ಕಾಲದ ಪಿಂಗಾಣಿ ತಟ್ಟೆಗಳನ್ನು ಕೆಲಸದವರು ತೊಳೆಯುವಾಗ ಅಂಚು ಮುಕ್ಕಾಗ್ತಿದ್ವು. ಆ ತಟ್ಟೆ ಉಳಿಸೋಕೆ ಮೆಷಿನ್ ಯೋಚನೆ ಬಂತು. ಅಷ್ಟರಲ್ಲಿ ಗಂಡ ತೀರಿಕೊಂಡು ಸಾಲ ತಲೆ ಮೇಲೆ ಬಿತ್ತು, ಹೊಟ್ಟೆಪಾಡಿಗೆ ಅದನ್ನೇ ಪೂರ್ತಿ ಮಾಡಿದರು. 1886ರಲ್ಲಿ ಪೇಟೆಂಟ್ ಸಿಕ್ಕಿತು, 1893ರ ಶಿಕಾಗೋ ವಿಶ್ವ ಮೇಳದಲ್ಲಿ ಹೆಸರಾಯ್ತು. ಮೊದಲು ಕೊಂಡವರು ಹೋಟೆಲಿನವರು. ಅಂದ್ರೆ ಈ ಮೆಷಿನ್ ಹುಟ್ಟಿದ್ದು ತೊಳೆಯೋರ ಕೈ ನೋಯುತ್ತೆ ಅಂತಲ್ಲ, ತಟ್ಟೆ ಒಡೆಯುತ್ತೆ ಅಂತ.

ನಮ್ಮಲ್ಲೂ ಕತೆ ಬೇರೆ ಏನಿಲ್ಲ. ಭಾರತದ ಪಟ್ಟಣಗಳಲ್ಲಿ ಡಿಶ್‌ವಾಶರಿಗೆ ಇದ್ದಕ್ಕಿದ್ದಂಗೆ ಬೇಡಿಕೆ ಬಂದಿದ್ದು 2020ರ ಲಾಕ್‌ಡೌನಲ್ಲಿ. ಅಪಾರ್ಟ್‌ಮೆಂಟುಗಳ ಗೇಟು ಮುಚ್ಚಿತು, ಕೆಲಸದವರು ಬರಂಗಿಲ್ಲ. ಸಿಂಕು ತುಂಬಿದಾಗಲೇ ಎಷ್ಟೋ ಜನಕ್ಕೆ ಅದು ಕೆಲಸ ಅಂತ ಗೊತ್ತಾಗಿದ್ದು. ಕರ್ನಾಟಕ ಸರ್ಕಾರ ಮನೆಗೆಲಸದವರಿಗೆ 2004ರಲ್ಲೇ ಕನಿಷ್ಠ ವೇತನ ನಿಗದಿ ಮಾಡಿದೆ. ಮನೆಗೆಲಸದವರ ಹಕ್ಕಿನ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ 189ನೇ ಒಪ್ಪಂದ ತಂದಾಗ ಭಾರತ ಪರವಾಗಿ ಓಟು ಹಾಕಿತು, ಆದರೆ ಅದನ್ನು ಸ್ಥಿರೀಕರಿಸಲಿಲ್ಲ. ಎಷ್ಟು ಮನೆಯಲ್ಲಿ ಆ ಕನಿಷ್ಠ ವೇತನ ಕೊಡ್ತಾರೆ ಅಂತ ನೀವೇ ಯೋಚನೆ ಮಾಡಿ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮ ಕಡೆಯ ಒಂದು ಬಂಗ್ಲೆಗೆ ಈಗ ಡಿಶ್‌ವಾಶರ್ ಬಂದಿದೆ. ಅಲ್ಲಿ ಕೆಲಸ ಮಾಡೋ ಹೆಣ್ಣುಮಗಳು ನನಗೆ ತಂಗಿ ಇದ್ದಂಗೆ. ಎಂಜಲು ಬಳಿದು ಮೆಷಿನ್ನಿಗೆ ಪಾತ್ರೆ ಜೋಡಿಸೋಳು ಅವಳೇ, ಗುಂಡಿ ಒತ್ತೋಳೂ ಅವಳೇ. "ನಿನ್ನ ಲೋಟಾನೂ ಅದರಲ್ಲೇ ಹಾಕ್ತೀಯಾ?" ಅಂತ ಕೇಳಿದೆ. "ಇಲ್ಲಣ್ಣ, ನಂದು ಹೊರಗೆ ನಲ್ಲಿ ಹತ್ರ ಐತೆ" ಅಂದಳು. 70 ಡಿಗ್ರಿ ಬಿಸಿನೀರಿಗೂ ಹೋಗದ ಮೈಲಿಗೆ ನೋಡಿ ಅದು. ಮೆಷಿನ್ ಯಾವ ಕಂಪನಿದು ಅಂತ ಕೇಳಬೇಡಿ, ಇದರಲ್ಲಿ ಕಂಪನಿ ತಪ್ಪೇನಿಲ್ಲ. ಸಂವಿಧಾನದ 17ನೇ ವಿಧಿ ಇದೆ, 1955ರ ಕಾಯ್ದೆ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. "ಕಂಪ್ಲೇಂಟ್ ಕೊಡೋಣ ಬಾ" ಅಂದೆ. "ಮಗೂದು ಫೀಸು ನೀನು ಕಟ್ತೀಯಾ ಅಣ್ಣ?" ಅಂದಳು. ಸುಮ್ಮನಾದೆ. ಇನ್ನೂ ಸುಮ್ಮನೇ ಇದ್ದೀನಿ, ಅದನ್ನೂ ಇಲ್ಲಿ ಒಪ್ಕೋತೀನಿ.

ಬಾಬಾಸಾಹೇಬರು 1945ರ ತಮ್ಮ ಪುಸ್ತಕದಲ್ಲಿ ಗಾಂಧಿವಾದವನ್ನು ವಿಮರ್ಶೆ ಮಾಡುವಾಗ ಯಂತ್ರಗಳ ಬಗ್ಗೆ ಬರೆದಿದ್ದಾರೆ. ಸಾರಾಂಶ ಇಷ್ಟು. ಯಂತ್ರ ಬೇಕಿರೋದು ಮನುಷ್ಯನಿಗೆ ಬಿಡುವು ಸಿಗಲಿ ಅಂತ. ಬಿಡುವಿಲ್ಲದೆ ಮನುಷ್ಯ ಪ್ರಾಣಿಯಂತೆ ದುಡಿದು ಸಾಯ್ತಾನೆ, ಓದು ಸಂಸ್ಕೃತಿ ಏನೂ ಹತ್ತಿರ ಬರಲ್ಲ. ಯಂತ್ರದಿಂದ ಕೆಡುಕಾಗಿದ್ದರೆ ತಪ್ಪು ಯಂತ್ರದ್ದಲ್ಲ, ಅದರ ಲಾಭವನ್ನು ಕೆಲವರೇ ಇಟ್ಟುಕೊಳ್ಳೋ ಸಮಾಜದ್ದು. ನಮ್ಮ ಸಂಘಟನೆಯ ಹುಡುಗನಿಗೆ ನಾನು ಹೇಳಬೇಕಿದ್ದಿದ್ದು ಇದೇ. ತಮ್ಮಾ, ಮೆಷಿನ್ ಕೊಂಡೋರೆಲ್ಲ ಸಾವ್ಕಾರ್ರಲ್ಲ. ಅದರಿಂದ ಉಳಿಯೋ ಬಿಡುವು ಯಾರಿಗೆ ಸಿಗುತ್ತೆ, ಅದರೊಳಗೆ ಯಾರ ತಟ್ಟೆ ಹೋಗುತ್ತೆ, ಅದನ್ನ ಕೇಳು.

ಸರಿ, ಯಾವ ಕಂಪನಿದು ತಗೊಳ್ಳೋದು? ಒಂದು ತಿಂಗಳು ಓದಿದ್ದೀನಿ, ನಿಮಗೂ ಉಪಯೋಗ ಆಗ್ಲಿ ಅಂತ ಬರೀತೀನಿ.

ಬಾಷ್ ಮತ್ತು ಸೀಮೆನ್ಸ್ ಡಿಶ್‌ವಾಶರುಗಳು ಎರಡು ಹೆಸರು, ಮನೆ ಒಂದೇ. ಎರಡನ್ನೂ ಮಾಡೋದು ಬಿಎಸ್‌ಎಚ್ ಅನ್ನೋ ಜರ್ಮನ್ ಕಂಪನಿ. 1967ರಲ್ಲಿ ಇಬ್ಬರೂ ಸೇರಿ ಕಟ್ಟಿದ್ದು, 2015ರಿಂದ ಪೂರ್ತಿ ಬಾಷ್ ಕೈಗೆ ಬಂದಿದೆ. ಹಂಗಾಗಿ ಸೀಮೆನ್ಸಿಗೆ ಹೆಚ್ಚು ದುಡ್ಡು ಕೊಡೋ ಮುಂಚೆ ಒಳಗಿನ ಸಾಮಾನು ಹೋಲಿಸಿ ನೋಡಿ. ಇವರ ಮೇಲ್ದರ್ಜೆ ಮಾಡೆಲುಗಳಲ್ಲಿ ಜಿಯೋಲೈಟ್ ಅನ್ನೋ ಖನಿಜ ಇಟ್ಟಿರ್ತಾರೆ. ಅದು ತೇವ ಹೀರಿ ಬಿಸಿ ಬಿಡುತ್ತೆ, ಪಾತ್ರೆ ಚೆನ್ನಾಗಿ ಒಣಗುತ್ತೆ. ಮೀಲೆ 1899ರಲ್ಲಿ ಶುರುವಾದ ಕಂಪನಿ, 1929ರಲ್ಲೇ ಕರೆಂಟಿನ ಡಿಶ್‌ವಾಶರ್ ಮಾಡಿದವರು. 20 ವರ್ಷ ಬಾಳಿಕೆ ಬರೋ ಹಾಗೆ ಪರೀಕ್ಷೆ ಮಾಡ್ತೀವಿ ಅಂತ ಹೇಳ್ಕೋತಾರೆ. ರೇಟು ಮಾತ್ರ ಲಕ್ಷ ದಾಟುತ್ತೆ. ಐಎಫ್‌ಬಿಯ ನೆಪ್ಚೂನ್ ಮಾಡೆಲುಗಳು ನಮ್ಮ ಎಣ್ಣೆ ಮಸಾಲೆ ಅಡುಗೆ ನೋಡಿಕೊಂಡು ಮಾಡಿರೋದು ಅಂತ ಹೇಳ್ತಾರೆ.

ಹೋರಾಟಗಾರನ ಕಣ್ಣು ಇತಿಹಾಸಕ್ಕೂ ಹೋಗುತ್ತೆ. ರಾಬರ್ಟ್ ಬಾಷ್ 1906ರಲ್ಲೇ ತನ್ನ ಕಾರ್ಖಾನೆಯಲ್ಲಿ ಎಂಟು ಗಂಟೆ ದುಡಿಮೆ ತಂದ ಮನುಷ್ಯ. ಅದೇ ಬಾಷ್, ಸೀಮೆನ್ಸ್ ಕಂಪನಿಗಳು ಹಿಟ್ಲರನ ಯುದ್ಧಕಾಲದಲ್ಲಿ ಬಲವಂತದ ಕೂಲಿಗಳನ್ನು ದುಡಿಸಿಕೊಂಡಿದ್ದವು. ಎರಡೂ ನಿಜ. ಪೂರ್ತಿ ಶುದ್ಧ ಇರೋ ಮೆಷಿನ್ ಹುಡುಕೋಕೆ ಹೋದ್ರೆ ಜೀವನಪೂರ್ತಿ ಬೂದಿ, ನಾರೇ ಗತಿ. ಆ ಬೂದಿ ನಾರು ಹಿಡಿಯೋ ಕೈ ನಂದಲ್ಲವಾದ್ರಿಂದ ಹಂಗೆ ತೀರ್ಮಾನ ಮಾಡೋ ಹಕ್ಕೂ ನನಗಿಲ್ಲ.

ಇನ್ನು ನಮ್ಮೂರಿನ ಲೆಕ್ಕ. ಶಬ್ದ 44 ಡೆಸಿಬಲ್ ಮಾತ್ರ ಅಂತ ದೊಡ್ಡದಾಗಿ ಬರೆದಿರ್ತಾರೆ. ಆಷಾಢದ ಮಳೆ ಶೀಟಿನ ಮೇಲೆ ಬೀಳುವಾಗ ನಮಗೆ ಪಕ್ಕದಲ್ಲಿರೋರ ಮಾತೇ ಕೇಳಲ್ಲ, ಅದಕ್ಕೆ ಯಾಕೆ ಹೆಚ್ಚು ದುಡ್ಡು? ನೀರಿನ ಗಡಸು ಕಳೆಯೋಕೆ ಉಪ್ಪು ಹಾಕಬೇಕು. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಜಾಸ್ತಿ ಬೇಕು, ನಮ್ಮ ಮಲೆನಾಡಿನ ಹಳ್ಳದ ನೀರು ಮೃದು, ಕಡಿಮೆ ಸಾಕು. ನೀರಿನ ಒತ್ತಡ ಮಾತ್ರ ಬೇಕು. ಎಷ್ಟೋ ಮೆಷಿನ್ನುಗಳು ಅರ್ಧ ಬಾರ್ ಒತ್ತಡ ಕೇಳ್ತವೆ. ಅಂದ್ರೆ ಟ್ಯಾಂಕಿನ ನೀರು ಸುಮಾರು ಐದು ಮೀಟರ್ ಎತ್ತರದಲ್ಲಿರಬೇಕು. ದಪ್ಪ ಪ್ಲಗ್ಗಿನ 16 ಆಂಪ್ ಪಾಯಿಂಟು, ಅರ್ಥಿಂಗು ಇರಬೇಕು. ಉಳಿತಾಯದ ಪ್ರೋಗ್ರಾಂ ಹಾಕಿದ್ರೆ ಹತ್ತು ಲೀಟರ್ ಆಸುಪಾಸು ನೀರು, ಸುಮಾರು ಒಂದು ಯೂನಿಟ್ ಕರೆಂಟಿಗೆ 13 ಜನರ ಊಟದ ಸಾಮಾನು ತೊಳೆಯುತ್ತೆ. ಮೂರು ಗಂಟೆ ಮೇಲೆ ಹಿಡಿಯುತ್ತೆ, ಮಧ್ಯೆ ಕರೆಂಟ್ ಹೋದ್ರೆ ಬಂದ ಮೇಲೆ ಮುಂದುವರಿಯುತ್ತಾ ಅಂತ ಕೇಳಿಕೊಳ್ಳಿ.

ಮೆಷಿನ್ನಿಗೆ ಹಾಕಬಾರದ್ದೂ ಇದೆ. ಅಲ್ಯೂಮಿನಿಯಂ ಡಬರಿ ಕಪ್ಪಾಗುತ್ತೆ. ಕಬ್ಬಿಣದ ರೊಟ್ಟಿ ಕಾವಲಿ ತುಕ್ಕು ಹಿಡಿಯುತ್ತೆ. ಮುದ್ದೆ ಕೋಲು ಸೀಳುತ್ತೆ. ತಳ ಹಿಡಿದ ಮುದ್ದೆ ಪಾತ್ರೆಯ ಸೀಕಲು ಮೊದಲು ಕೆರೆದೇ ಹಾಕಬೇಕು. ಅಂದ್ರೆ ಬಡವರ ಮನೆಯ ಅರ್ಧ ಪಾತ್ರೆ ಇದಕ್ಕೆ ಆಗಲ್ಲ. ಆದರೆ ಒಂದು ಕೆಲಸಕ್ಕೆ ಮಾತ್ರ ಇದಕ್ಕೆ ಸಾಟಿ ಇಲ್ಲ. ಕಡುಬು, ಹಂದಿ ಸಾರು ಮಾಡಿದ ದಿನ ನಮ್ಮ ಚಳಿಗೆ ತಟ್ಟೆ ಮೇಲಿನ ಕೊಬ್ಬು ಹೆಪ್ಪುಗಟ್ಟಿ ಮೇಣದಂಗಾಗಿರುತ್ತೆ. ತಣ್ಣೀರಲ್ಲಿ ಎಷ್ಟು ತಿಕ್ಕಿದ್ರೂ ಜಾರುತ್ತೆ. ಜುಲೈ ತಿಂಗಳ ಮುಂಜಾನೆ ಆ ನೀರಿಗೆ ಕೈ ಇಟ್ಟೋರಿಗೆ ಗೊತ್ತು, ಮೂಳೆ ಒಳಗೆ ನೋವು ಇಳಿಯುತ್ತೆ. ಅವ್ವನ ಬೆರಳ ಸಂದಿಯೆಲ್ಲ ಬೆಳ್ಳಗಾಗಿ ಬಿರಿಯೋದು, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂರೋಳು. ಅದಕ್ಕೆ 70 ಡಿಗ್ರಿ ಬಿಸಿನೀರೇ ಮದ್ದು.

ಇದನ್ನೆಲ್ಲ ಬುಕ್ಕಲ್ಲಿ ಬರ್ಕೊಂಡು ಮನೆಯಲ್ಲಿ ಓದಿ ಹೇಳಿದೆ. ನನ್ನ ಹೆಂಡತಿ ಪಾತ್ರೆ ತೊಳೀತಾನೇ ಕೇಳಿಸ್ಕೊಂಡಳು. ಕೊನೆಗೆ ಅಂದಳು. "ಎರಡು ಲೋಟದ ಬಗ್ಗೆ ಊರೂರಿಗೆ ಹೋಗಿ ಭಾಷಣ ಮಾಡ್ತೀರಿ. ಬಂದು ನೀವು ಕುಡಿದ ಲೋಟ ಎಲ್ಲಿಟ್ಟು ಹೋಗ್ತೀರಿ, ಯಾರು ತೊಳೀತಾರೆ ಅಂತ ಒಂದಿನ ನೋಡಿದ್ದೀರಾ? ಹದಿನೆಂಟು ವರ್ಷ ಆಯ್ತು ಮದುವೆಯಾಗಿ."

ಅವಳೂ ನನ್ನಂಗೇ ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರೋಳು. ನಾನು ಬಂದು ಫೋನ್ ಹಿಡೀತೀನಿ, ಅವಳು ನಾರು ಹಿಡೀತಾಳೆ. ಸಂಘಟನೆಯ ಗೆಳೆಯರು ಮನೆಗೆ ಬಂದಾಗ ಎಷ್ಟು ಸಲ "ಒಂದೈದು ಟೀ" ಅಂತ ಒಳಗೆ ಕೂಗಿದ್ದೀನಿ, ಲೆಕ್ಕ ಇಲ್ಲ. ಬಾಬಾಸಾಹೇಬರು 1942ರಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ, ಸಮುದಾಯದ ಪ್ರಗತಿಯನ್ನು ಹೆಂಗಸರ ಪ್ರಗತಿಯಿಂದಲೇ ಅಳೆಯಬೇಕು ಅನ್ನೋ ಅರ್ಥದ ಮಾತಾಡಿದ್ರು. ಅದನ್ನ ನಾನು ವೇದಿಕೆ ಮೇಲೆ ಎಷ್ಟೋ ಸಲ ಹೇಳಿದ್ದೀನಿ. ನಮ್ಮನೆ ಸಿಂಕಿನ ಹತ್ರ ನಿಂತು ಒಂದು ಸಲಾನೂ ಹೇಳಿಕೊಂಡಿರಲಿಲ್ಲ.

ಹೋದ ಶನಿವಾರ ಹಾಸನದ ಒಂದು ಅಂಗಡಿಗೆ ಹೋದೆ. ಚೀಲದಲ್ಲಿ ನಮ್ಮನೆಯ ಸ್ಟೀಲಿನ ಸಾರಿನ ಪಾತ್ರೆ, ಎರಡು ಊಟದ ತಟ್ಟೆ, ಒಂದು ಟೇಪು. ಸೇಲ್ಸ್ ಹುಡುಗ ವೈನ್ ಗ್ಲಾಸ್ ಇಡೋ ಜಾಗ ತೋರಿಸ್ತಿದ್ದ. ನಾನು ಸಾರಿನ ಪಾತ್ರೆ ತೆಗೆದೆ. ಅವನು ಪಾಪ ನಗಲಿಲ್ಲ, ಮೇಲಿನ ತಟ್ಟೆಯ ಕಂಬಿ ಎತ್ತರ ಮಾಡಿ ಕೆಳಗೆ ಇಟ್ಟು ತೋರಿಸಿದ. ಕೂತಿತು. ಆಮೇಲೆ ಅವನಿಗೆ ಕಲಿಸಿದ ಮಾತು ಹೇಳಿದ. "ತಗೊಂಡ್ಬಿಡಿ ಸಾರ್, ಕೆಲಸದವರ ಕಾಟ ತಪ್ಪುತ್ತೆ."

"ನಮ್ಮವ್ವನೇ ಆ ಕೆಲಸದವಳು ಕಣಪ್ಪ, ಅವಳಿಗೇ ತಗೋತಿರೋದು" ಅಂದೆ.

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಮೆಲ್ಲಗೆ "ನಮ್ಮಮ್ಮನೂ ಮನೆಗೆಲಸ ಮಾಡ್ತಾರೆ ಸಾರ್" ಅಂದ. ಆಮೇಲೆ ನಾವಿಬ್ಬರೂ ಸೇಲ್ಸಿನ ಮಾತು ಬಿಟ್ಟು ಮನುಷ್ಯರ ಮಾತಾಡಿದ್ವಿ. ರಿಪೇರಿಗೆ ಮಾರನಹಳ್ಳಿ ತನಕ ಯಾರು ಬರ್ತಾರೆ, ಯಾವ ಭಾಗ ಬೇಗ ಸಿಗುತ್ತೆ, ಎಲ್ಲ ನೇರವಾಗಿ ಹೇಳಿದ.

ಕೊನೆಗೆ ತೀರ್ಮಾನ. ಮೀಲೆ ಬೇಡ, ಆ ದುಡ್ಡಿಗೆ ಅಕ್ಕನ ಮಗಳು ತನ್ನದೊಂದು ಆಸೆ ಪೂರೈಸ್ಕೊಳ್ಲಿ. ಬಾಷ್ ಮತ್ತು ಐಎಫ್‌ಬಿ ಎರಡೂ ನಮ್ಮ ಪಾತ್ರೆಗೆ ಹೊಂದಿದ್ವು. ಸಾರಿನ ಪಾತ್ರೆ ಸಲೀಸಾಗಿ ಕೂತಿದ್ದಕ್ಕೆ ಬಾಷಿನ 13 ಸೆಟ್ಟಿಂದು ಅಂತ ಬರೆದು ಕಳಿಸಿದೆ. ನಿಮ್ಮ ಪಾತ್ರೆ ಬೇರೆ ಇದ್ದರೆ ನಿಮ್ಮ ಉತ್ತರವೂ ಬೇರೆ. ಅಂಗಡಿಗೆ ಪಾತ್ರೆ ಹೊತ್ಕೊಂಡು ಹೋಗಿ, ನಾಚ್ಕೋಬೇಡಿ.

ಮುಂದಿನ ವಾರ ಮೆಷಿನ್ ಬರುತ್ತೆ. ಮನೆಯಲ್ಲಿ ಕರಾರು ಆಗಿದೆ. ಎಂಜಲು ಬಳಿಯೋದು, ಜೋಡಿಸೋದು, ತೆಗೆದಿಡೋದು ನಾನು ಮತ್ತು ನನ್ನ ಮಗ. ಮೆಷಿನ್ನಿಗೆ ಹಾಕಬಾರದ ಡಬರಿ, ಕಾವಲಿ ತಿಕ್ಕೋದೂ ನಾವೇ. ಇದು ಹೆಂಡತಿಯ ಕರಾರು. ಮೆಷಿನ್ ಬರೋ ತನಕ ಕಾಯೋ ಹಾಗೂ ಇಲ್ಲ, ನಾಲ್ಕು ದಿನದಿಂದ ನಾನೇ ತಿಕ್ತಿದ್ದೀನಿ. ಮೊದಲ ದಿನ ಎರಡು ಲೋಟ ಜಿಡ್ಡಾಗೇ ಇತ್ತು, ಅವಳು ವಾಪಸ್ ಇಟ್ಟಳು.

ಇನ್ನೊಂದು ಕರಾರು ನಂದು. ಅವ್ವ ಬಂಗ್ಲೆ ಬಿಟ್ಟು ಹದಿಮೂರು ವರ್ಷ ಆಯ್ತು. ಈಗಲೂ ಅವಳು ಕಾಫಿ ಕುಡಿದು ತನ್ನ ಲೋಟ ತಾನೇ ತೊಳೆದು ಹಿತ್ತಲ ಬಾಗಿಲ ಹತ್ರ ಬೇರೆ ಇಡ್ತಾಳೆ. ಸ್ವಂತ ಮಗನ ಮನೆಯಲ್ಲಿ. ಯಾರೂ ಹೇಳಿಲ್ಲ, ಕೈಗೆ ರೂಢಿ. ಮೆಷಿನ್ ಬಂದ ದಿನ ಮೊದಲು ಒಳಗೆ ಹೋಗೋದು ಆ ಲೋಟ. ಅವ್ವನಿಗೆ ಹೇಳಿದೆ. "ಸುಮ್ಕಿರ್ಲಾ, ಒಂದ್ ಲೋಟಕ್ಕೆ ಯಾಕೆ ಮಿಸನ್ನು" ಅಂದಳು. ಒಪ್ಪಿಸೋಕೆ ಇನ್ನೂ ಒಂದು ವಾರ ಇದೆ.

ಗೆಳೆಯರೇ, ನಿಮ್ಮಲ್ಲಿ ಡಿಶ್‌ವಾಶರ್ ಬಳಸ್ತಿರೋರು ಇದ್ದರೆ ಅನುಭವ ಬರೀರಿ, ಮುದ್ದೆ ಪಾತ್ರೆ ಬಗ್ಗೆ ವಿಶೇಷವಾಗಿ. ಮನೆಗೆಲಸದವರನ್ನ ಇಟ್ಟುಕೊಂಡಿರೋ ನಮ್ಮ ಪ್ರಗತಿಪರ ಗೆಳೆಯರು ಇವತ್ತು ಮನೆಗೆ ಹೋದ ಮೇಲೆ ಅವರ ಲೋಟ ಎಲ್ಲಿದೆ ಅಂತ ಒಂದು ಸಲ ನೋಡಿ. ಕಾಮೆಂಟಲ್ಲಿ ಹೇಳಬೇಕಿಲ್ಲ, ನೋಡಿದ್ರೆ ಸಾಕು.

ಮತ್ತೆ ನಮ್ಮ ಕಡೆ ಬಂದ್ರೆ ಊಟಕ್ಕೆ ಬನ್ನಿ. ಹದಿಮೂರು ಜನರ ತಟ್ಟೆ ಹಿಡಿಯುತ್ತಂತೆ.

ಜೈ ಭೀಮ್.